ಅಟ್ಟ ಹತ್ತಿದ ಬ್ರಿಕ್ ಗೇಮ್

ಮುಂದಿನ ತಿಂಗಳು ನನ್ನ ನಿವೃತ್ತಿ. ಚಾರ್ಜ್ ಕೊಡಬೇಕಾದ ಸಾಮಾನುಗಳ ಪಟ್ಟಿ ಮಾಡಲು ಕುಳಿತರೆ ಎರಡು ಸಾಲು ಬರೆಯುವಷ್ಟರಲ್ಲಿ ಆಕಳಿಕೆ ಬರುತ್ತದೆ. ಮರದ ಕೈವಾರ ಎರಡು, ಅದರಲ್ಲೊಂದಕ್ಕೆ ಸೀಮೆಸುಣ್ಣ ಹಿಡಿದುಕೊಳ್ಳುವ ತಿರುಪು ಇಲ್ಲ. ಕೋನಮಾಪಕ ಒಂದು, ಅಂಚನ್ನು ಗೆದ್ದಲು ತಿಂದಿದೆ. ತಗಡಿನ ಶಂಕು ಒಂದು, ಅದರ ಜೊತೆಗಿದ್ದ ಸಿಲಿಂಡರ್ ಎಲ್ಲಿ ಹೋಯಿತೋ ದೇವರೇ ಬಲ್ಲ. ಗಣಿತದ ಮಿಸ್ ಒಬ್ಬಳು ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಶಾಲೆಯಲ್ಲಿ ದುಡಿದು ಬಿಟ್ಟುಹೋಗುವುದು ಇಷ್ಟೇ ನೋಡಿ. ಇದರ ಜೊತೆಗೆ ಒಂದು ಜೊತೆ ಮಂಡಿನೋವನ್ನೂ ಪಟ್ಟಿಗೆ ಸೇರಿಸಿ ಕೊಟ್ಟುಬಿಡೋಣವೆಂದರೆ ಅದನ್ನು ಚಾರ್ಜ್ ತಗೊಳ್ಳುವವರಿಲ್ಲ.

ಪಟ್ಟಿಯಲ್ಲಿ ಬರೆಯಲಾಗದ್ದು ಇನ್ನೊಂದಿದೆ, ನನ್ನ ಮೇಜಿನ ಕೆಳಗಿನ ಡ್ರಾಯರ್. ಮಳೆಗಾಲದಲ್ಲಿ ಉಬ್ಬಿಕೊಂಡು, ಬೇಸಿಗೆಯಲ್ಲೂ ಆ ಉಬ್ಬನ್ನು ಬಿಡದೆ, ಎಳೆಯುವವರ ರಟ್ಟೆಯನ್ನು ಪರೀಕ್ಷೆ ಮಾಡುವಂಥ ಡ್ರಾಯರ್. ಪಾಠದ ನಡುವೆ ಮಕ್ಕಳ ಕೈಯಲ್ಲಿ ಸಿಕ್ಕಿದ ಆಟದ ಸಾಮಾನನ್ನೆಲ್ಲ ಕಿತ್ತು ಅದರೊಳಗೆ ಹಾಕುತ್ತಾ ಬಂದಿದ್ದೇನೆ. ವಾರ್ಷಿಕ ಪರೀಕ್ಷೆ ಮುಗಿದ ದಿನ ಅಪ್ಪನೋ ಅಮ್ಮನೋ ಬಂದು ಕೇಳಿದರೆ ವಾಪಸ್ ಕೊಡುವುದು ನಮ್ಮ ಶಾಲೆಯ ಪದ್ಧತಿ. ಕೇಳಲು ಬಾರದವರದು ಅಲ್ಲೇ ಉಳಿಯುತ್ತದೆ. ನಮ್ಮದು ಅನುದಾನಿತ ಶಾಲೆ, ವರ್ಗಾವಣೆಯ ಮಾತಿಲ್ಲ, ಹಾಗಾಗಿ ನಾನೂ ಮೇಜೂ ಡ್ರಾಯರೂ ಚಿಕ್ಕನಾಯಕನಹಳ್ಳಿಯಲ್ಲೇ ಒಟ್ಟಿಗೆ ಹಳತಾದೆವು.

ಮೊನ್ನೆ ಅದನ್ನು ಪೂರಾ ಎಳೆದು ನೆಲದ ಮೇಲಿಟ್ಟುಕೊಂಡು ಕುಳಿತೆ. ತಳದಲ್ಲಿ ನೀರು ತುಂಬಿರುತ್ತಿದ್ದ ಪ್ಲಾಸ್ಟಿಕ್ ಡಬ್ಬಿ, ಗುಂಡಿ ಒತ್ತಿದರೆ ನೀರು ಚಿಮ್ಮಿ ಬಣ್ಣದ ಉಂಗುರಗಳು ಕಡ್ಡಿಗೆ ಬೀಳಬೇಕಾದ ಆಟ. ನೀರು ಯಾವಾಗಲೋ ಆರಿಹೋಗಿದೆ. ಅದಕ್ಕೆ ಸೆಲ್ಲೂ ಇಲ್ಲ, ಕರೆಂಟೂ ಇಲ್ಲ. ಅದರ ಮೇಲೆ ಕೈಗಡಿಯಾರದೊಳಗೇ ಇದ್ದ ಒಂದು ಆಟ, ಕಡಲೆಕಾಳಿನಷ್ಟು ಮನುಷ್ಯ ಆ ಕಡೆಯಿಂದ ಈ ಕಡೆಗೆ ಹಾರುತ್ತಿದ್ದ. ಅದರ ಮೇಲಿನ ಪದರಕ್ಕೆ ಬಂದರೆ ಬ್ರಿಕ್ ಗೇಮ್.

ಬ್ರಿಕ್ ಗೇಮ್ ನಿಮಗೂ ನೆನಪಿರಬೇಕು. ಬೂದುಬಣ್ಣದ ಮೈ, ಹಳದಿ ಗುಂಡಿಗಳು, ಬಲಗಡೆ ಒಂದು ದಪ್ಪ ಗುಂಡಿ. ಮೇಲಿಂದ ನಾಲ್ಕು ನಾಲ್ಕು ಇಟ್ಟಿಗೆಗಳ ತುಂಡುಗಳು ಉದುರುತ್ತವೆ, ಅವನ್ನು ತಿರುಗಿಸಿ ಸಂದು ಬಿಡದಂತೆ ಕೂರಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲು ಮಾಯ. ಮೊದಲು ಬಂದದ್ದರಲ್ಲಿ ಇದೊಂದೇ ಆಟ. ಮಾರನೆಯ ವರ್ಷ ಸಿಕ್ಕಿದ್ದರ ಮೇಲೆ ಒಂಬತ್ತು ಆಟ ಎಂದು ಬರೆದಿತ್ತು. ಆಮೇಲೆ ತೊಂಬತ್ತೊಂಬತ್ತು, ಆಮೇಲೆ ಒಂಬೈನೂರ ತೊಂಬತ್ತೊಂಬತ್ತು, ಕೊನೆಗೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಗಣಿತದವಳಲ್ಲವೇ, ಕೂತು ಎಣಿಸಿದೆ. ಇಟ್ಟಿಗೆ, ಕಾರು, ಹಾವು, ಗುಂಡು ಹೊಡೆಯುವುದು, ಇನ್ನೊಂದೆರಡು. ಮಿಕ್ಕವೆಲ್ಲ ಅವೇ, ಸ್ವಲ್ಪ ಜೋರಾಗಿ ಓಡುತ್ತವೆ ಅಷ್ಟೆ. ಎಷ್ಟು ಸಾವಿರ ಬರೆದುಕೊಂಡರೂ ಎಲ್ಲರೂ ಆಡುತ್ತಿದ್ದದ್ದು ಮೊದಲ ಇಟ್ಟಿಗೆಯನ್ನೇ, ನಮ್ಮ ಹೋಟೆಲಿನವರು ಗೋಡೆ ತುಂಬ ತಿಂಡಿಯ ಹೆಸರು ಬರೆಸಿ ಬೆಳಗ್ಗೆ ಹೋದರೆ ಇಡ್ಲಿ ಒಂದೇ ಐತೆ ಅನ್ನುವ ಹಾಗೆ.

ಅದರ ಮೇಲೆ ಗುಂಡಿಯ ಫೋನುಗಳು, ಹಾವು ತನ್ನ ಬಾಲವನ್ನೇ ಕಚ್ಚಿ ಸಾಯುತ್ತಿದ್ದಂಥವು. ಆಮೇಲೆ ಬಣ್ಣದ ಪರದೆಯ ಅಗ್ಗದ ಆಟಗಳು. ಎಲ್ಲಕ್ಕೂ ಮೇಲೆ ಈ ವರ್ಷದ ಟಚ್ ಫೋನುಗಳು, ಒಂದೊಂದಕ್ಕೂ ರಬ್ಬರ್ ಬ್ಯಾಂಡಿನಲ್ಲಿ ಚೀಟಿ ಕಟ್ಟಿದೆ. ಚೀಟಿಯ ಮೇಲೆ ಮಗುವಿನ ಹೆಸರು, ತರಗತಿ, ತಂದೆತಾಯಿಯ ಹೆಸರು, ಕಿತ್ತುಕೊಂಡ ದಿನ, ನನ್ನ ಸಹಿ. ಈ ಚೀಟಿ ಕಟ್ಟುವುದನ್ನು ನೋಡಿ ಹೊಸದಾಗಿ ಬಂದ ಮೇಷ್ಟ್ರುಗಳು ನಗುತ್ತಾರೆ. ಪೊಲೀಸ್ ಸ್ಟೇಷನ್ನಿನಲ್ಲೂ ಇಷ್ಟು ಶಿಸ್ತಿಲ್ಲ ಮೇಡಂ ಅನ್ನುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಈ ಪದ್ಧತಿ ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಎಂದು ಈವರೆಗೆ ಯಾರಿಗೂ ಹೇಳಿಲ್ಲ.

ಈ ಡ್ರಾಯರಿನಲ್ಲಿ ಇರಬೇಕಾಗಿದ್ದ ಒಂದು ಬ್ರಿಕ್ ಗೇಮ್ ಇಲ್ಲಿಲ್ಲ. ಅದು ಇಪ್ಪತ್ತೇಳು ವರ್ಷ ನನ್ನ ಮನೆಯ ಬೀರುವಿನಲ್ಲಿ, ಮದುವೆಯ ಸೀರೆಯ ಕೆಳಗಿತ್ತು. ಎರಡು ತಿಂಗಳಿಂದ ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿ ಓಡಾಡುತ್ತಿತ್ತು.

ಅದು ನಸೀಮಾಳದು. ಹತ್ತನೇ ತರಗತಿಯ ಹುಡುಗಿ, ಲೆಕ್ಕದಲ್ಲಿ ಚುರುಕು, ಎರಡನೇ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದಳು. ಅವಳ ಅಪ್ಪ ಹಳೇ ಬಸ್ ಸ್ಟಾಂಡಿನ ಬೀದಿಯಲ್ಲಿ ಟೈಲರ್. ನಮ್ಮ ಶಾಲೆಯ ಅರ್ಧ ಯೂನಿಫಾರಂ ಅವರ ಮೆಷಿನ್ನಿನಿಂದಲೇ ಬರುತ್ತಿತ್ತು, ನನ್ನ ರವಿಕೆಗಳೂ ಕೂಡ. ಗೇಮು ನಿಜವಾಗಿ ಅವಳ ಅಣ್ಣ ಇಮ್ತಿಯಾಜನದು. ತಿಪಟೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಮೊದಲ ಸಂಬಳದಲ್ಲಿ ತಂದುಕೊಂಡದ್ದಂತೆ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ತಂಗಿ ಹೇಳದೆ ಕೇಳದೆ ಶಾಲೆಗೆ ತಂದಿದ್ದಳು. ದೀಪಾವಳಿ ಮುಗಿದ ಮರುವಾರ, ಪ್ರಮೇಯ ಬಿಡಿಸುತ್ತಾ ಬೋರ್ಡಿನ ಕಡೆ ತಿರುಗಿದ್ದೆ, ಹಿಂದಿನಿಂದ ಪೀಂ ಎಂದಿತು.

ಡ್ರಾಯರಿಗೆ ಹಾಕಿದೆ. ಸಂಜೆ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಏನಿರಬಹುದು ಇದರಲ್ಲಿ ಎಂದು ತೆಗೆದೆ. ಅಲ್ಲಿಗೆ ಮುಗಿಯಿತು ನನ್ನ ಕಥೆ.

ಈಗ ನೆನೆದರೆ ನಗು ಬರುತ್ತದೆ. ಆಗ ನನಗೆ ಮೂವತ್ತು ದಾಟಿತ್ತು, ಒಂದು ಮಗುವಿನ ತಾಯಿ, ಪಾಠ ಮಾಡುವಾಗ ಕಾಗೆಯೂ ಕೂಗಬಾರದು ಅನ್ನುವಂಥ ಮಿಸ್. ಅಂಥವಳು ಬಸ್ ಬಂದು ಹೋದದ್ದೂ ತಿಳಿಯದೆ ಇಟ್ಟಿಗೆ ಜೋಡಿಸುತ್ತಾ ಕುಳಿತೆ. ಮಾರನೆಯ ದಿನ ಅದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೇ ಒಯ್ದೆ. ಜ್ಯಾಮಿತಿಯ ಆಕಾರಗಳನ್ನು ಮಕ್ಕಳಿಗೆ ಹೇಳಿಕೊಡಲು ಅನುಕೂಲವಾಗುತ್ತದೆ ಎಂದು ನನಗೆ ನಾನೇ ಒಂದು ಸಮಜಾಯಿಷಿ ಕೊಟ್ಟುಕೊಂಡೆ.

ಅದರಲ್ಲಿ ಒಂದು ಅಂಕೆ ನನ್ನನ್ನು ಕೆಣಕುತ್ತಿತ್ತು. ಆಟ ಶುರುವಾಗುವ ಮುಂಚೆ ಮೂಲೆಯಲ್ಲಿ, ಅದುವರೆಗೆ ಆಡಿದವರ ಅತಿ ಹೆಚ್ಚಿನ ಸ್ಕೋರ್ ಕಾಣಿಸುತ್ತದೆ. ಇಪ್ಪತ್ತಮೂರು ಸಾವಿರದ ಆರುನೂರು. ಆ ಗ್ಯಾರೇಜ್ ಹುಡುಗನ ಸ್ಕೋರ್. ಗಣಿತದ ಪದವೀಧರೆ ನಾನು ಎಷ್ಟು ತಿಣುಕಿದರೂ ಹತ್ತೊಂಬತ್ತು ಸಾವಿರಕ್ಕೆ ಇಟ್ಟಿಗೆ ಮೇಲೆ ಮುಟ್ಟಿಬಿಡುತ್ತಿತ್ತು. ಸೆಲ್ ತೆಗೆದರೆ ಆ ಅಂಕೆ ಅಳಿಸಿಹೋಗುತ್ತದೆ ಎಂದು ಗೊತ್ತಿತ್ತು. ಹಾಗೆ ಅಳಿಸುವುದು ನನ್ನ ಮರ್ಯಾದೆಗೆ ಕಡಿಮೆ ಎನಿಸಿ, ದಾಟಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಮನೆಯಲ್ಲಿ ಅತ್ತೆ ಇದ್ದರು. ನಾವು ಊರಿನಿಂದ ತಿಪಟೂರು ರಸ್ತೆಯಲ್ಲಿ ಮೂರು ಮೈಲಿ ದೂರದ ತೋಟದ ಮನೆಯವರು, ಅತ್ತೆಯ ಕಣ್ಣಿಗೆ ತಪ್ಪಿ ಅಲ್ಲಿ ಒಂದು ಗರಿಯೂ ಬೀಳುವಂತಿರಲಿಲ್ಲ. ನಾನು ಒಲೆಯ ಮುಂದೆ ಕೂತು ಸೆರಗಿನ ಮರೆಯಲ್ಲಿ ಆಡುತ್ತಿದ್ದೆ. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕುತ್ತಿದ್ದೆ, ತಿರುವುವುದನ್ನು ಮರೆಯುತ್ತಿದ್ದೆ.

“ಏನಮ್ಮಾ,” ಅಂದರು ಅತ್ತೆ ಒಂದು ದಿನ ತಟ್ಟೆ ನೋಡಿಕೊಂಡು. “ಈಚೀಚೆಗೆ ಮುದ್ದೇಲಿ ಗಂಟೇ ಜಾಸ್ತಿ, ಮುದ್ದೆ ಕಮ್ಮಿ. ಇಸ್ಕೂಲಲ್ಲಿ ಏನಾರ ತಾಪತ್ರಯವಾ?”

“ಪೇಪರ್ ತಿದ್ದೋದು ಜಾಸ್ತಿ ಅತ್ತೆ,” ಅಂದೆ.

“ಪೇಪರ್ರು ಒಲೆ ಮುಂದೆ ಪೀಂ ಪೀಂ ಅಂತಾವಾ?”

ಇನ್ನು ಇದನ್ನು ಕೈಗೆಟುಕುವ ಜಾಗದಲ್ಲಿ ಇಡುವಂತಿಲ್ಲ. ಅತ್ತೆ ಹೋಗಲಾಗದ ಜಾಗ ಮನೆಯಲ್ಲಿ ಒಂದೇ ಇತ್ತು, ಅಟ್ಟ. ಮಂಡಿನೋವಿನಿಂದ ಅವರು ಏಣಿ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸಂಕ್ರಾಂತಿಯ ಮುಂದಿನ ಒಂದು ಶನಿವಾರ, ಬೆಳಗಿನ ಸ್ಕೂಲಿಗೆ ಹೊರಡುವ ಮುನ್ನ ಏಣಿ ಹತ್ತಿ, ಖಾಲಿ ಅಟ್ಟದ ಆ ತುದಿಯ ಮೂಲೆಗೆ ತಳ್ಳಿ ಬಂದೆ. ಮಧ್ಯಾಹ್ನ ಬಂದು ಆಡೋಣವೆಂದು.

ಅಟ್ಟ ಯಾಕೆ ಖಾಲಿ ಇತ್ತು ಎಂದು ನಾನು ಯೋಚಿಸಬೇಕಿತ್ತು. ಈ ಸೀಮೆಯಲ್ಲಿ ಹುಟ್ಟಿ, ಈ ಸೀಮೆಯಲ್ಲೇ ಸೊಸೆಯಾಗಿ, ಅಷ್ಟು ತಿಳಿಯದೆ ಹೋಯಿತು. ಹಳೆಯ ತೆಂಗಿನಕಾಯಿ ಇಳಿಸಿ, ಗುಡಿಸಿ, ಹೊಸ ಕಾಯಿ ಏರಿಸಲು ಇಟ್ಟಿದ್ದ ಅಟ್ಟ ಅದು. ಸೋಮವಾರ ಬರಬೇಕಾಗಿದ್ದ ಆಳುಗಳು ಮೋಡ ಕಂಡು ಶನಿವಾರವೇ ಬಂದುಬಿಟ್ಟಿದ್ದರು. ಒಂದು ಗಂಟೆಗೆ ನಾನು ಬಂದು ನೋಡುತ್ತೇನೆ, ಅಂಗಳದಲ್ಲಿದ್ದ ಕಾಯಿಯ ರಾಶಿ ಮಾಯ. ಅಟ್ಟ ಜಂತೆಯವರೆಗೆ ತುಂಬಿದೆ. ನನ್ನ ಆಟ ಸಾವಿರಾರು ತೆಂಗಿನಕಾಯಿಗಳ ಕೆಳಗೆ ಕೂತಿದೆ.

ತೆಂಗಿನ ಸೀಮೆ ಬಿಟ್ಟು ಹೊರಗಿನವರಿಗೆ ಇದರ ಸಂಕಟ ಗೊತ್ತಾಗಲಿಕ್ಕಿಲ್ಲ. ತೆಗೆಯಬಹುದಿತ್ತಲ್ಲ ಅನ್ನುತ್ತೀರಿ. ಅಟ್ಟಕ್ಕೆ ಏರಿದ ಕಾಯಿಯನ್ನು ನಡುವೆ ಯಾರೂ ಅಲ್ಲಾಡಿಸುವುದಿಲ್ಲ. ಹತ್ತು ಹನ್ನೊಂದು ತಿಂಗಳು ಅದು ಕತ್ತಲಲ್ಲಿ ಸುಮ್ಮನೆ ಕೂತಿರಬೇಕು. ಒಳಗಿನ ನೀರು ತಾನಾಗಿ ಹೀರಿಕೊಂಡು, ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಮಾಡುವವರೆಗೂ ಕಾಯಬೇಕು. ಆಗಲೇ ಒಡೆಯದ ಉಂಡೆ ಕೊಬ್ಬರಿ. ಮುಂಚೆಯೇ ಕೆದಕಿದರೆ ಕೌಟು ವಾಸನೆ ಹಿಡಿಯುತ್ತದೆ ಎಂದು ಅತ್ತೆಯ ನಂಬಿಕೆ. ನಾನು ಒಂದೆರಡು ಸಲ ಏಣಿ ಹತ್ತಿ ನಾಲ್ಕು ಕಾಯಿ ಸರಿಸಿದೆ. ಐದನೆಯದು ಉರುಳಿ ಅತ್ತೆಯ ಪಕ್ಕಕ್ಕೇ ಬಿತ್ತು.

“ಯಾಕವ್ವಾ ಹೋಗ್ತೀಯ ಮೇಲಕ್ಕೆ? ಮಲಗಿರೋ ಕೂಸಿನ್ನ ಎಬ್ಬಿಸ್ತಾರಾ? ಬುಡು ಅತ್ಲಾಗೆ, ಅದ್ರ ಪಾಡಿಗೆ ಅದು ಒಣಗ್ಲಿ.”

ಬಿಟ್ಟೆ. ಮಾರ್ಚಿ ಬಂತು, ಏಪ್ರಿಲ್ ಬಂತು. ಪರೀಕ್ಷೆ ಮುಗಿದ ದಿನವೂ ಬಂತು.

ಅವತ್ತು ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ನನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಸೀಮಾಳ ಅಪ್ಪ ಬಂದರು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹಿಂದೆ ಮಗಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

“ತೊಂದ್ರೆ ಕೊಡ್ತಿದೀನಿ ಮಿಸ್,” ಅಂದರು. “ನಮ್ ಹುಡ್ಗಿ ಅವ್ರಣ್ಣನ ಆಟದ ಸಾಮಾನು ನಿಮ್ಮತ್ರ ಐತೆ ಅಂತಾಳೆ. ಮಿಸ್ ತಗೊಂಡ್ರು ಅಂತಾಳೆ. ಅವನು ದಿನಾ ಜಗಳ ಆಡ್ತಾನೆ ಮನೇಲಿ. ಇದ್ರೆ ಕೊಡಿ, ಇನ್ಮ್ಯಾಕೆ ತರಕ್ಕಿಲ್ಲ.”

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಏನು ಹೇಳಲಿ? ನಿಮ್ಮ ಮಗನ ಆಟವನ್ನು ಎರಡು ತಿಂಗಳು ಒಲೆಯ ಮುಂದೆ ಕೂತು ಆಡಿದೆ, ಅತ್ತೆಗೆ ಹೆದರಿ ಅಟ್ಟಕ್ಕೆ ಹಾಕಿದೆ, ಈಗ ಅದರ ಮೇಲೆ ಕಾಯಿ ಬಿದ್ದಿದೆ, ಕಾಯಿ ಒಣಗಿದ ಮೇಲೆ ಬನ್ನಿ ಎನ್ನಲೇ? ಎನ್ನಬೇಕಿತ್ತು. ಒಂದು ಕ್ಷಣ ನಗೆಪಾಟಲಾಗಿ ಮುಗಿಯುತ್ತಿತ್ತು. ನಾನು ಡ್ರಾಯರ್ ಎಳೆದು, ಪೂರಾ ಎಳೆದು, ಅವರ ಮುಂದೆ ತೋರಿಸಿದೆ.

“ನೋಡಿ, ಇಲ್ಲಿ ಇಲ್ವಲ್ಲ,” ಅಂದೆ.

ಅವರು ಡ್ರಾಯರಿನೊಳಗೆ ಇಣುಕಿಯೂ ನೋಡಲಿಲ್ಲ. ಮಗಳ ಕಡೆ ತಿರುಗಿದರು. “ಮಿಸ್ ಸುಳ್ಳು ಹೇಳ್ತಾರೇನೇ?” ಎಂದು ಮೆಲ್ಲಗೆ ಕೇಳಿದರು. ನನಗೆ ಕೈಮುಗಿದು, ಕ್ಷಮಿಸಿ ಮಿಸ್, ಮಕ್ಳು, ಅಂದರು. ನಸೀಮಾ ಅಳಲಿಲ್ಲ, ವಾದಿಸಲಿಲ್ಲ. ಡ್ರಾಯರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಮುಂದೆ ನಾನು ತಗಡಿನ ಶಂಕುವನ್ನು ಕೈಗೆ ತೆಗೆದುಕೊಂಡು ಒರೆಸತೊಡಗಿದ್ದು ಚೆನ್ನಾಗಿ ನೆನಪಿದೆ.

ಕಾಯಿ ಇಳಿದದ್ದು ಡಿಸೆಂಬರಿನಲ್ಲಿ. ಸುಲಿಯುವವರು ಬರುವ ಮುಂಚೆ ನಾನೇ ಅಟ್ಟ ಹತ್ತಿ ಮೂಲೆಯಿಂದ ತೆಗೆದುಕೊಂಡೆ. ಅತ್ತೆ ಕೆಳಗಿನಿಂದ, ಸಿಕ್ತಾ ಪೇಪರ್ರು? ಅಂದರು. ಅವರಿಗೆ ಎಲ್ಲ ಗೊತ್ತಿತ್ತೋ ಏನೋ, ಇದ್ದಷ್ಟು ದಿನ ಮತ್ತೆ ಆ ಮಾತು ಎತ್ತಲಿಲ್ಲ. ಸೆಲ್ ಸೋರಿ ತಗಡು ಹಸಿರುಗಟ್ಟಿತ್ತು. ಕೆರೆದು, ಒರೆಸಿ, ಹೊಸ ಸೆಲ್ ಹಾಕಿದೆ. ಪೀಂ ಎಂದಿತು. ಮೂಲೆಯ ಅಂಕೆ ಸೊನ್ನೆಯಾಗಿತ್ತು.

ಅಷ್ಟು ಹೊತ್ತಿಗೆ ನಸೀಮಾ ಶಾಲೆ ಬಿಟ್ಟಾಗಿತ್ತು, ಟೈಲರ್ ಅಂಗಡಿ ಹುಳಿಯಾರಿಗೆ ಹೋಗಿಯಾಗಿತ್ತು. ಒಂದು ಭಾನುವಾರ ಗೇಮನ್ನು ಬ್ಯಾಗಿಗೆ ಹಾಕಿಕೊಂಡು ಹುಳಿಯಾರಿಗೆ ಹೋದೆ. ಬಸ್ ಸ್ಟಾಂಡಿನಲ್ಲಿ ಕೇಳಿದ್ದರೆ ಯಾರಾದರೂ ಅಂಗಡಿ ತೋರಿಸುತ್ತಿದ್ದರು. ಒಂದು ಟೀ ಕುಡಿದೆ, ಇನ್ನೊಂದು ಕುಡಿದೆ. ಬಂದ ಬಸ್ಸೇ ತಿರುಗಿ ಹೊರಟಿತ್ತು, ಅದನ್ನೇ ಹತ್ತಿ ವಾಪಸ್ ಬಂದೆ. ಕಂಡಕ್ಟರು, ಇಷ್ಟು ಬೇಗ ಕೆಲ್ಸ ಆಯ್ತಾ ಮೇಡಂ? ಅಂದ. ಆಯ್ತಪ್ಪ ಅಂದೆ. ಅಧೈರ್ಯಕ್ಕೆ ದೊಡ್ಡ ಕಾರಣಗಳು ಬೇಕಾಗುವುದಿಲ್ಲ. ನಾಳೆ ಅಂದುಕೊಂಡರೆ ಸಾಕು, ಇಪ್ಪತ್ತೇಳು ವರ್ಷ ಹೋಗುತ್ತದೆ. ಅದರ ಮುಂದಿನ ಜೂನಿನಲ್ಲಿ ಶಾಲೆ ಶುರುವಾದಾಗಿನಿಂದಲೇ ನಾನು ಚೀಟಿ ಕಟ್ಟಲು ಶುರುಮಾಡಿದ್ದು.

ಆಮೇಲೆ ಆ ಗೇಮನ್ನು ನಾನು ಆಡಲಿಲ್ಲ. ಬೇರೆಯವರು ಆಡುವುದನ್ನು ಮಾತ್ರ ನೋಡುತ್ತಾ ಬಂದೆ, ಕಿತ್ತುಕೊಳ್ಳುತ್ತಾ ಬಂದೆ. ಎಷ್ಟು ತರಹದವು ಬಂದವು, ಎಷ್ಟು ಹೋದವು. ಕಿತ್ತುಕೊಳ್ಳುವುದೂ ಒಂದು ಕೆಲಸವೇ, ಅದರಲ್ಲೂ ಬೇಸರ ಬರುತ್ತದೆ. ಮೊದಲೆಲ್ಲ ಗದರಿಸುತ್ತಿದ್ದೆ, ಈಗ ಮಾತಾಡದೆ ಕೈ ಚಾಚುತ್ತೇನೆ, ಅವರೂ ಮಾತಾಡದೆ ಕೊಡುತ್ತಾರೆ. ಇಬ್ಬರಿಗೂ ಸುಸ್ತು.

ಫೆಬ್ರವರಿಯಲ್ಲಿ ಹಾಗೆ ಕೈ ಚಾಚಿದಾಗ ಒಂಬತ್ತನೇ ತರಗತಿಯ ಅಫ್ರೀನ್ ಎಂಬ ಹುಡುಗಿ ಫೋನ್ ಕೊಟ್ಟಳು. ಈ ವರ್ಷ ಹೊಸದಾಗಿ ಸೇರಿದವಳು. ಪರದೆ ಇನ್ನೂ ಆರಿರಲಿಲ್ಲ. ಮೇಲಿಂದ ನಾಲ್ಕು ನಾಲ್ಕು ಇಟ್ಟಿಗೆಗಳ ತುಂಡುಗಳು ಉದುರುತ್ತಿದ್ದವು. ಬಣ್ಣ ಬಂದಿದೆ, ಸಂಗೀತ ಬಂದಿದೆ, ನಡುನಡುವೆ ಸೋಪಿನ ಜಾಹೀರಾತೂ ಬರುತ್ತದೆ. ಇಟ್ಟಿಗೆ ಮಾತ್ರ ಅದೇ. ನಾನು ನೋಡುತ್ತಾ ನಿಂತಂತೆ ಮೇಲಕ್ಕೆ ಮುಟ್ಟಿ ಆಟ ಮುಗಿಯಿತು.

ಚೀಟಿ ಬರೆಯಲು ಕೂತೆ. “ಅಮ್ಮನ ಹೆಸರು?”

“ನಸೀಮಾ ಮಿಸ್.”

ಹುಳಿಯಾರು ಚಿಕ್ಕನಾಯಕನಹಳ್ಳಿಗಳ ನಡುವೆ ನಸೀಮಾ ಅನ್ನುವ ಹೆಸರಿನವರು ಎಷ್ಟು ಮಂದಿಯಿಲ್ಲ. ಆದರೂ ಪೆನ್ನು ನಿಂತಿತು. “ಅಮ್ಮ ಎಲ್ಲಿ ಓದಿದ್ದು?”

“ಇದೇ ಸ್ಕೂಲು ಮಿಸ್. ನಿಮ್ಮತ್ರಾನೇ ಲೆಕ್ಕ ಕಲ್ತಿದ್ದಂತೆ.”

“ಏನ್ ಹೇಳ್ತಾರೆ ನನ್ನ ಬಗ್ಗೆ?”

ಹುಡುಗಿ ಸ್ವಲ್ಪ ಯೋಚಿಸಿದಳು. “ಏನೂ ಹೇಳಲ್ಲ ಮಿಸ್.”

ಅವತ್ತು ಸಂಜೆ ಬೀರು ತೆಗೆದೆ. ಮಾರನೆಯ ದಿನದಿಂದ ಗೇಮು ಬ್ಯಾಗಿನಲ್ಲಿತ್ತು. ಪರೀಕ್ಷೆ ಮುಗಿಯುವ ದಿನ ಅವಳು ಬಂದೇ ಬರುತ್ತಾಳೆ. ಈ ಸಲವೂ ಹೇಳದಿದ್ದರೆ ಇನ್ನು ಹೇಳುವ ದಿನವೇ ಇಲ್ಲ, ಮುಂದಿನ ವರ್ಷ ಈ ಮೇಜಿನ ಹಿಂದೆ ಬೇರೆ ಯಾರೋ ಇರುತ್ತಾರೆ. ಹೀಗೆಂದು ಎಷ್ಟು ಗಟ್ಟಿಮಾಡಿಕೊಂಡರೂ, ಅವಳ ಗಂಡ ಬಂದರೆ ಸಾಕಪ್ಪ ಎಂದು ಒಳಗೊಳಗೇ ಹಾರೈಸಿದ್ದೂ ನಿಜ.

ಕಳೆದ ವಾರ ಅವಳೇ ಬಂದಳು. ಮಗಳನ್ನು ವರಾಂಡದಲ್ಲಿ ನಿಲ್ಲಿಸಿ ಒಳಗೆ ಬಂದಳು. ನಲವತ್ತು ದಾಟಿದ ಹೆಂಗಸು, ಕನ್ನಡಕ, ಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತುಗಳು. ಅವಳೂ ಟೈಲರಿಂಗ್ ಮಾಡುತ್ತಾಳಂತೆ. ನಾನು ಕಷ್ಟಪಟ್ಟು ಡ್ರಾಯರ್ ಎಳೆದೆ.

“ಇನ್ನೂ ಅದೇ ಡ್ರಾಯರ್ರಾ ಮಿಸ್?” ಅಂದಳು.

ಫೋನನ್ನು ಮೇಜಿನ ಮೇಲಿಟ್ಟೆ. ಬ್ಯಾಗು ತೆಗೆದು, ಊಟದ ಡಬ್ಬಿಯ ಪಕ್ಕದಿಂದ ಆ ಬೂದುಬಣ್ಣದ್ದನ್ನು ತೆಗೆದು ಫೋನಿನ ಪಕ್ಕದಲ್ಲಿಟ್ಟೆ. ಎಲ್ಲ ಹೇಳಿದೆ. ಒಲೆ, ಅತ್ತೆ, ಅಟ್ಟ, ಕಾಯಿ, ಹುಳಿಯಾರಿನ ಎರಡು ಟೀ. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣ ಕಥೆ ಅನಿಸಿತು. ಇಷ್ಟಕ್ಕೆ ನಾನು ಇಷ್ಟು ವರ್ಷ ಹೆದರಿದೆನೇ ಎನ್ನಿಸಿ ನಾಚಿಕೆಯಾಯಿತು.

ಅವಳು ಗೇಮನ್ನು ಮುಟ್ಟಲಿಲ್ಲ.

“ನಮ್ಮನೇಲಿ ಏನ್ ಕಳ್ದೋದ್ರೂ ಇದೇ ಮಾತು ಮಿಸ್,” ಅಂದಳು. “ಕತ್ರಿ ಕಾಣ್ದಿದ್ರೆ, ಬೀಗದ ಕೈ ಕಾಣ್ದಿದ್ರೆ, ‘ಯಾಕೆ, ಮಿಸ್ ತಗೊಂಡ್ರಾ?’ ಅಂತ ಅಣ್ಣ ಕೇಳೋನು. ಎಲ್ಲಾರೂ ನಗೋರು. ನನ್ ಮದ್ವೇಲಿ ಉಂಗುರ ಎಲ್ಲೋ ಬಿತ್ತು, ಆಗ್ಲೂ ಅದೇ ಕೇಳ್ದ. ತಮಾಷೆಗೇ ಬುಡಿ. ನಾನು ಈ ಗೇಮನ್ನ ಯಾರಿಗೋ ಮಾರ್ಕೊಂಡೆ ಅಂತ ಅವನ ಲೆಕ್ಕ. ಇವತ್ತಿಗೂ ಹಂಗೇ ಅಂದ್ಕೊಂಡವನೆ.”

“ಅಪ್ಪ?”

“ಅಬ್ಬಾ ಹೋಗಿ ಎಂಟ್ ವರ್ಷ ಆಯ್ತು ಮಿಸ್.”

ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಿದ್ದ ಮನುಷ್ಯ, ಮಗಳಿಗಿಂತ ನನ್ನ ಮಾತು ಹೆಚ್ಚೆಂದು ನಂಬಿಯೇ ಹೋಗಿಬಿಟ್ಟರು. ಅದನ್ನು ಇನ್ನು ಯಾವ ಡ್ರಾಯರಿನಿಂದಲೂ ತೆಗೆದು ಕೊಡಲಾಗುವುದಿಲ್ಲ. ತಪ್ಪಾಯ್ತು ಕಣಮ್ಮ, ಅಂದೆ. ಅವಳು ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸಿಕೊಂಡಳು.

“ಒಂದ್ ಕೆಲ್ಸ ಮಾಡ್ತೀರಾ ಮಿಸ್?” ಅಂದಳು ಆಮೇಲೆ. “ಅಣ್ಣಂಗೆ ಫೋನ್ ಹಾಕ್ಕೊಡ್ತೀನಿ. ನೀವೇ ಹೇಳಿ. ನಾನು ಹೇಳುದ್ರೆ ನಂಬಲ್ಲ.”

ಇಮ್ತಿಯಾಜ್ ಈಗ ತಿಪಟೂರಿನಲ್ಲಿ ಸ್ವಂತ ಗ್ಯಾರೇಜ್ ಇಟ್ಟಿದ್ದಾನೆ. ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ನಾನು ಇಂಥವಳು ಎಂದೆ, ವಿಷಯ ಹೇಳಿದೆ. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ. ಕೇಳಿ ನಕ್ಕ.

“ತಪ್ ತಿಳ್ಕಬ್ಯಾಡಿ ಮಿಸ್. ನೀವು ದೊಡ್ಡೋರು, ಅವಳು ಬಂದು ಬೇಜಾರ್ ಮಾಡ್ಕೊಂಡ್ಳು ಅಂತ ಹೇಳ್ತಿದ್ದೀರ. ಅಂಥ ಗೇಮು ಎಲ್ ಬೇಕಾದ್ರೂ ಸಿಗ್ತದೆ. ಹಳೇದು ಬುಡಿ, ನಾನೂ ಮರ್ತಿದೀನಿ.”

ಇಪ್ಪತ್ತೇಳು ವರ್ಷಕ್ಕೆ ಒಂದೇ ಒಂದು ಸಲ ನಿಜ ಹೇಳಿದರೆ ಅದನ್ನೂ ನಂಬುವವರಿಲ್ಲ. ನಸೀಮಾ ನನ್ನ ಮುಖವನ್ನೇ ನೋಡುತ್ತಿದ್ದಳು, ಅವತ್ತು ಡ್ರಾಯರಿನ ಮುಂದೆ ನೋಡಿದ ಹಾಗೆಯೇ. ಏನು ಪುರಾವೆ ಕೊಡಲಿ? ಚೀಟಿ ಇಲ್ಲ, ಸಹಿ ಇಲ್ಲ, ಸೆಲ್ಲು ಸೋರಿ ಸ್ಕೋರೂ ಅಳಿಸಿದೆ. ಆಗ ನೆನಪಾಯಿತು.

“ಇಪ್ಪತ್ತಮೂರು ಸಾವಿರದ ಆರುನೂರು,” ಅಂದೆ.

ಆ ಕಡೆ ಸುತ್ತಿಗೆ ಬಡಿಯುತ್ತಲೇ ಇತ್ತು.

“ಎರಡು ತಿಂಗಳು ಆಡಿದೆ ಕಣಪ್ಪ. ನಿನ್ನ ಸ್ಕೋರ್ ದಾಟಕ್ಕೆ ನನ್ನ ಕೈಲಿ ಆಗ್ಲಿಲ್ಲ. ಹತ್ತೊಂಬತ್ತಕ್ಕೇ ನಿಂತುಬಿಡ್ತಿತ್ತು.”

ಸುತ್ತಿಗೆಯ ಸದ್ದು ನಿಂತಿತು. ಅವನು ಯಾರಿಗೋ ಸುಮ್ಮನಿರಲು ಹೇಳಿರಬೇಕು. “ಹೌದು ಮಿಸ್. ಅದೇ,” ಅಂದ. ದನಿ ಬೇರೆಯಾಗಿತ್ತು. “ಅವಳಿಗೆ ಕೊಡಿ ಫೋನು.”

ಕೊಟ್ಟು ನಾನು ವರಾಂಡಕ್ಕೆ ಬಂದೆ. ಅಣ್ಣ ತಂಗಿಯ ಮಾತು ನಾನು ಕೇಳುವಂಥದ್ದಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಅಫ್ರೀನ್ ನನ್ನನ್ನು ಕಂಡು ನೆಟ್ಟಗೆ ನಿಂತಳು, ಫೋನ್ ಸಿಗಲಿಲ್ಲವೇನೋ ಎಂಬ ಆತಂಕ ಅವಳ ಮುಖದಲ್ಲಿ. ಒಳಗೆ ಅವರು ತಮ್ಮ ಮನೆಯ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ನಡುವೆ ಒಂದು ಮಾತು ಮಾತ್ರ ಕನ್ನಡದಲ್ಲಿ ಬಂತು, ದೊಡ್ಡ ದನಿಯಲ್ಲಿ, ಪಕ್ಕದ ತರಗತಿಗೂ ಕೇಳುವಷ್ಟು ದೊಡ್ಡದಾಗಿ.

“ಹೂಂ ಕಣೋ. ಮಿಸ್ ತಗೊಂಡಿದ್ರು.”

ಅಫ್ರೀನ್ ನನ್ನ ಮುಖ ನೋಡಿದಳು. “ಏನ್ ತಗೊಂಡಿದ್ರಿ ಮಿಸ್?”

“ನಿಮ್ಮ ಮಾಮನ ಗೇಮು ಕಣಮ್ಮ,” ಅಂದೆ. “ನಿಮ್ಮಮ್ಮ ಹೇಳಿದ್ದು ನಿಜ. ನಾನೇ ತಗೊಂಡಿದ್ದೆ.”